ಅಜ್ಜನ ಸಿಡಿಯಲ್ಲಿರುವ ಪೌಂಡ್ ಚಿಹ್ನೆಗಳು

ಪ್ರಶ್ನೆ: ನಾನು ಸಾಗರದಲ್ಲಿ ಬಿಸಿಎ ಎರಡನೇ ವರ್ಷ ಓದುತ್ತಿದ್ದೇನೆ. ನಮ್ಮ ಅಜ್ಜ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದವರು. ಅಜ್ಜಿಯೂ ಅಕ್ಕಪಕ್ಕದ ಮನೆಯ ಹೆಂಗಸರೂ ಮದುವೆಗಳಲ್ಲಿ ಹೇಳುತ್ತಿದ್ದ ಹಸೆಹಾಡುಗಳನ್ನು ವರ್ಷಗಟ್ಟಲೆ ಬರೆದುಕೊಂಡು, 2003ರಲ್ಲಿ ಪೇಟೆಯ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದರು. ಪುಸ್ತಕ ಆಗಲಿಲ್ಲ. ಅಜ್ಜ ಈಗಿಲ್ಲ, ಕೈಬರಹದ ಪುಸ್ತಕಗಳು ಗೆದ್ದಲು ಹಿಡಿದು ಹೋದವು. ಉಳಿದಿರುವುದು ಒಂದು ಸಿಡಿ ಮಾತ್ರ. ಅದರಲ್ಲಿರುವ ವರ್ಡ್ ಫೈಲನ್ನು ಮೊಬೈಲಿನಲ್ಲಿ ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ. ಸಾಲುಸಾಲಾಗಿ ಪೌಂಡ್ ಚಿಹ್ನೆ, ತಲೆಯ ಮೇಲೆ ಗೀರು ಇರುವ ಇಂಗ್ಲಿಷ್ ‘ಎ’. ಫೈಲ್ ಕೆಟ್ಟುಹೋಗಿದೆಯೇ? ವೈರಸ್ಸೇ? ಇನ್ನೊಂದು ಮಾತು. ನಾನು ಹದಿನಾಲ್ಕನೇ ವಯಸ್ಸಿನಿಂದ ಮೊಬೈಲ್ ಹಿಡಿದವಳು. ನಾನು ಇದುವರೆಗೆ ಬರೆದದ್ದೆಲ್ಲ ಸ್ಟೇಟಸ್, ರೀಲ್ಸ್, ವಾಯ್ಸ್ ಮೆಸೇಜ್, ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ ಕನ್ನಡ. ಅಜ್ಜನ ಬರಹವೇ ಇಪ್ಪತ್ತು ವರ್ಷದಲ್ಲಿ ಹೀಗಾದರೆ ನಮ್ಮದು ಏನಾದೀತು? ಕಂಪ್ಯೂಟರ್ ಓದುವವಳಾಗಿ ನಾನು ಇದರಲ್ಲಿ ಮಾಡಬಹುದಾದದ್ದು ಏನಾದರೂ ಇದೆಯೇ?

ಉತ್ತರ: ಈ ಉತ್ತರವನ್ನು ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಆ ಸಿಡಿಯಲ್ಲಿರುವುದನ್ನು ಇದ್ದದ್ದು ಇದ್ದ ಹಾಗೆಯೇ ಎರಡು ಕಡೆ ನಕಲು ಮಾಡಿಕೊಳ್ಳಿ. ಅಂಗಡಿಯಲ್ಲಿ ಬರೆದುಕೊಟ್ಟ ಸಿಡಿಯ ಒಳಪದರದಲ್ಲಿ ಇರುವುದು ಒಂದು ಬಗೆಯ ಬಣ್ಣ. ಬೆಳಕು, ಬಿಸಿ, ತೇವ ಮೂರೂ ಅದಕ್ಕೆ ಆಗದು. ಮಲೆನಾಡಿನ ಇಪ್ಪತ್ತು ಮಳೆಗಾಲ ಕಂಡ ಸಿಡಿ ಇನ್ನೂ ಓದಲು ಬರುತ್ತಿದೆ ಎಂದರೆ ಅದನ್ನು ಯಾರೋ ಜೋಪಾನವಾಗಿ ಇಟ್ಟಿದ್ದಾರೆ ಎಂದೇ ಅರ್ಥ. ಆದರೆ ಅದು ಎಂದು ಕೈಕೊಡುತ್ತದೆಂದು ಹೇಳಲಾಗದು. ಒಂದು ನಕಲು ಪೆನ್‌ಡ್ರೈವಿನಲ್ಲಿ, ಇನ್ನೊಂದು ನಿಮ್ಮ ಇಮೇಲಿನಲ್ಲಿ. ಇಷ್ಟಾದ ಮೇಲೆ ಕೂತು ಮಾತಾಡೋಣ.

ಫೈಲ್ ಕೆಟ್ಟಿಲ್ಲ. ವೈರಸ್ಸೂ ಇಲ್ಲ. ನೀವು ಹೇಳಿದ ಆ ಪೌಂಡ್ ಚಿಹ್ನೆಯನ್ನು ಓದಿಯೇ ನನಗೆ ಸಮಾಧಾನವಾಯಿತು, ಏಕೆಂದರೆ ಅದು ‘ನ’. ಅಜ್ಜನ ಫೈಲಿನಲ್ಲಿ ನ, ನಾ, ನು, ನೆ ಬಂದಲ್ಲೆಲ್ಲ ಮೊಬೈಲು ಪೌಂಡ್ ಚಿಹ್ನೆ ತೋರಿಸುತ್ತಿದೆ. ತಲೆಯ ಮೇಲೆ ಗೀರು ಇರುವ ‘ಎ’ ಬೇರೇನೂ ಅಲ್ಲ, ನಮ್ಮ ತಲೆಕಟ್ಟು. ನೀವು ನೋಡುತ್ತಿರುವುದು ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿದ ಕನ್ನಡ. ಈ ಬಗೆಯ ಫೈಲುಗಳ ಜೊತೆ ನಾನು ಇಪ್ಪತ್ತೈದು ವರ್ಷ ಕಳೆದಿದ್ದೇನೆ. ಮೊದಲ ಕೆಲವು ವರ್ಷ ಡಿಟಿಪಿ ಅಂಗಡಿಯಲ್ಲಿ ಕೂತು ಅವನ್ನು ತಯಾರಿಸುವುದರಲ್ಲಿ, ಆಮೇಲಿನದೆಲ್ಲ ಅವುಗಳೊಳಗಿನ ಕನ್ನಡವನ್ನು ಹೊರಗೆ ತೆಗೆಯುವುದರಲ್ಲಿ.

ಯಾಕೆ ಹೀಗಾಯಿತು ಎಂಬುದನ್ನು ನೀವು ಸ್ವಲ್ಪ ವಿವರವಾಗಿಯೇ ತಿಳಿಯಬೇಕು. ನಿಮ್ಮ ಎರಡನೆಯ ಪ್ರಶ್ನೆಯ ಉತ್ತರವೂ ಅಲ್ಲೇ ಇದೆ.

ಆ ಕಾಲದ ಕಂಪ್ಯೂಟರಿನಲ್ಲಿ ಒಂದು ಫಾಂಟಿಗೆ 256 ಮನೆಗಳು. ಅದರಲ್ಲೂ ಮೊದಲರ್ಧ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಿಗೆ ಮೀಸಲು. ಕನ್ನಡದ ಕಾಗುಣಿತ, ಒತ್ತಕ್ಷರ ಎಲ್ಲವನ್ನೂ ಇಡಿಯಾಗಿ ತುಂಬಲು ಇಷ್ಟು ಮನೆ ಎಲ್ಲಿ ಸಾಕು? ಹಾಗಾಗಿ ಅಕ್ಷರಗಳನ್ನು ತುಂಡು ಮಾಡಿದರು. ‘ಕ’ದ ಮೈ ಒಂದು ತುಂಡು, ತಲೆಕಟ್ಟು ಒಂದು ತುಂಡು, ಒತ್ತುಗಳೆಲ್ಲ ಬೇರೆ ಬೇರೆ ತುಂಡು. ‘ನಿ’ಯಂಥ ಕೆಲವಕ್ಕೆ ಮಾತ್ರ ಇಡಿಯಾದ ಒಂದು ಅಚ್ಚು. ಈ ತುಂಡುಗಳನ್ನು ಇಂಗ್ಲಿಷಿನ ಮನೆಗಳಲ್ಲಿ ಕೂರಿಸಿದರು. ಇಂಗ್ಲಿಷ್ ದೊಡ್ಡ ‘ಪಿ’ ಇರಬೇಕಾದ ಮನೆಯಲ್ಲಿ ‘ಕ’ದ ಮೈ, ಪೌಂಡ್ ಚಿಹ್ನೆಯ ಮನೆಯಲ್ಲಿ ‘ನ’ದ ಮೈ. ಫಾಂಟ್ ಇದ್ದರೆ ಕಣ್ಣಿಗೆ ಕನ್ನಡ, ಫಾಂಟ್ ಇಲ್ಲದಿದ್ದರೆ ಆ ಮನೆಯ ಮೂಲ ಮಾಲೀಕ ಹೊರಗೆ ಬರುತ್ತಾನೆ. ನಿಮ್ಮ ಮೊಬೈಲಿನಲ್ಲಿ ನಡೆಯುತ್ತಿರುವುದು ಇದೇ.

ಈಗ ‘ಕನ್ನಡ’ ಎಂಬ ಪದವನ್ನೇ ಹತ್ತಿರದಿಂದ ನೋಡಿ. ಅಜ್ಜನ ಬರಹವನ್ನು ಟೈಪ್ ಮಾಡಿದ ಹುಡುಗನೋ ಹುಡುಗಿಯೋ ನುಡಿಯಲ್ಲಿ ಈ ಪದಕ್ಕೆ ಒತ್ತಿದ್ದು ಐದು ಕೀಲಿ: ಕೆ, ಎನ್, ಎಫ್, ಎನ್, ಡಬ್ಲ್ಯು. ಅಂದರೆ ಕ, ನ, ಅರ್ಧಾಕ್ಷರದ ಕೊಂಡಿ, ನ, ಡ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದ ಸೊಗಸು ಇದು. ಇಪ್ಪತ್ತಾರು ಇಂಗ್ಲಿಷ್ ಕೀಲಿಗಳಲ್ಲಿ ಇಡೀ ವರ್ಣಮಾಲೆ ಕೂರುತ್ತದೆ, ನಾವು ಬಾಯಲ್ಲಿ ಉಚ್ಚರಿಸುವ ಕ್ರಮದಲ್ಲೇ ಬೆರಳು ಓಡುತ್ತದೆ. ಆದರೆ ಫೈಲಿನೊಳಗೆ ಹೋಗಿ ಕೂತದ್ದು ಏಳು ತುಂಡು. ಅವುಗಳ ಮನೆಸಂಖ್ಯೆ ಹೀಗೆ: 80, 192, 163, 192, 223, 113, 192. ‘ಕ’ದ ಮೈ, ತಲೆಕಟ್ಟು, ‘ನ’ದ ಮೈ, ತಲೆಕಟ್ಟು, ‘ನ’ದ ಒತ್ತು, ‘ಡ’ದ ಮೈ, ತಲೆಕಟ್ಟು. ಬೆರಳು ಐದು ಅಕ್ಷರ ಕೊಟ್ಟಿತು, ಕಂಪ್ಯೂಟರು ಏಳು ಚೂರು ಚಿತ್ರ ಉಳಿಸಿಕೊಂಡಿತು. ಅಕ್ಷರ ಹೋಯಿತು, ಆಕಾರ ಉಳಿಯಿತು. ನನ್ನ ಇಡೀ ಉತ್ತರದಲ್ಲಿ ನೀವು ನೆನಪಿಟ್ಟುಕೊಳ್ಳಬೇಕಾದ ಮಾತು ಇದೊಂದೇ.

ಇದನ್ನು ಮಾಡಿದವರ ತಪ್ಪು ಎಂದು ದಯವಿಟ್ಟು ತಿಳಿಯಬೇಡಿ. ಶೇಷಾದ್ರಿವಾಸು ಅವರು 1998ರಲ್ಲಿ ಬರಹವನ್ನು ಹೊರತಂದಾಗ, ಆಮೇಲೆ ಕನ್ನಡ ಗಣಕ ಪರಿಷತ್ತು ನುಡಿಯನ್ನು ಕೊಟ್ಟಾಗ, ಕನ್ನಡಿಗರಿಗೆ ಕಂಪ್ಯೂಟರಿನಲ್ಲಿ ಖರ್ಚಿಲ್ಲದೆ ಕನ್ನಡ ಬರೆಯುವ ದಾರಿ ತೆರೆಯಿತು. ಅದಕ್ಕೂ ಮೊದಲು ಮಾರುಕಟ್ಟೆಯಲ್ಲಿದ್ದ ಕನ್ನಡ ತಂತ್ರಾಂಶಗಳಿಗೆ ದುಡ್ಡು ಕೊಡಬೇಕಿತ್ತು. ಕೆಲವಕ್ಕೆ ಕಂಪ್ಯೂಟರಿನ ಹಿಂದೆ ಸಿಕ್ಕಿಸುವ ಒಂದು ‘ಲಾಕ್’ ಇರುತ್ತಿತ್ತು, ಅದು ಇಲ್ಲದೆ ತಂತ್ರಾಂಶ ತೆರೆಯುತ್ತಲೇ ಇರಲಿಲ್ಲ. ನಾನು ಕೆಲಸಕ್ಕಿದ್ದ ಅಂಗಡಿಯಲ್ಲಿ ಒಂದು ಸಣ್ಣ ಮಾಸಪತ್ರಿಕೆಯ ಒಂಬತ್ತು ವರ್ಷದ ಸಂಚಿಕೆಗಳನ್ನು ಅಂಥದೊಂದು ತಂತ್ರಾಂಶದಲ್ಲಿ ಮಾಡಿದ್ದೆವು. ಅಂಗಡಿ ಜಾಗ ಬದಲಿಸುವಾಗ ಲಾಕ್ ಕಳೆಯಿತು. ಆ ತಂತ್ರಾಂಶದ ತುಂಡುಗಳ ಜೋಡಣೆ ನುಡಿಯಂತಿರಲಿಲ್ಲ, ಯಾವ ಮನೆಯಲ್ಲಿ ಯಾವ ತುಂಡು ಎಂಬ ಕೋಷ್ಟಕವೂ ನಮ್ಮ ಬಳಿ ಇರಲಿಲ್ಲ. ಪತ್ರಿಕೆಯ ಸಂಪಾದಕರು ಎರಡು ಸಲ ಬಂದು ಕೇಳಿದರು. ಫ್ಲಾಪಿಗಳು ಎದುರಿಗಿದ್ದವು, ಅವುಗಳಲ್ಲಿ ಅವರ ಒಂಬತ್ತು ವರ್ಷ ಇತ್ತು, ತೆಗೆದುಕೊಡಲು ನನ್ನಿಂದ ಆಗಲಿಲ್ಲ. ನಾನು ಈ ದಾರಿ ಹಿಡಿದದ್ದು ಆ ದಿನ.

ಲೋಕದ ಲಿಪಿಗಳ ಒಂದೊಂದು ಅಕ್ಷರಕ್ಕೂ ಅದರದೇ ಅಂಕಿ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆ ಆಗಲೇ ಇತ್ತಲ್ಲ ಎಂದು ನೀವು ಕೇಳಬಹುದು. ಇತ್ತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಸ್ವಂತ ಕೇರಿ ಸಿಕ್ಕಿತ್ತು. ಆದರೆ ಕೇರಿ ಇದ್ದರೆ ಸಾಲದು, ಅಲ್ಲಿಗೆ ರಸ್ತೆಯೂ ಬೇಕು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಫಾಂಟಿನೊಡನೆ ಯೂನಿಕೋಡ್ ಕನ್ನಡ ಕಾಣಿಸಿತು. ಆದರೆ ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲಿ ಇನ್ನೂ ವಿಂಡೋಸ್ 98 ಓಡುತ್ತಿತ್ತು. ಪುಟ ಕಟ್ಟುವ ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ತಿಳಿಯುತ್ತಿರಲಿಲ್ಲ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸತೊಡಗಿದ್ದು 2012ರ ಆವೃತ್ತಿಯಿಂದ. ಪುಸ್ತಕ ಅಚ್ಚಾಗಬೇಕು, ಕಾಗದದ ಮೇಲೆ ಅಕ್ಷರ ಚೆನ್ನಾಗಿ ಕಾಣಬೇಕು, ಅಷ್ಟೇ ಆಗಿನ ಅಗತ್ಯ. ಕಾಗದಕ್ಕೆ ಆಕಾರ ಸಾಕಾಗಿತ್ತು. ಆ ಫೈಲನ್ನು ಇಪ್ಪತ್ತು ವರ್ಷದ ಮೇಲೆ ಮೊಮ್ಮಗಳೊಬ್ಬಳು ಅಂಗೈಯಗಲದ ಯಂತ್ರದಲ್ಲಿ ತೆರೆಯುತ್ತಾಳೆ ಎಂದು ಆ ಅಂಗಡಿಯಲ್ಲಿ ಯಾರು ಊಹಿಸಿದ್ದರು!

ಯೂನಿಕೋಡಿನಲ್ಲಿ ‘ಕನ್ನಡ’ ಎಂದರೆ ಮತ್ತೆ ಐದೇ: 3221, 3240, 3277, 3240, 3233. ಬೆರಳು ಒತ್ತಿದ ಐದು ಅಕ್ಷರಗಳೇ ಇವು, ಅದೇ ಕ್ರಮದಲ್ಲಿ. ಒತ್ತು ಎಲ್ಲಿ ಕೂರಬೇಕು, ತಲೆಕಟ್ಟು ಹೇಗಿರಬೇಕು ಎಂಬುದು ಫಾಂಟಿನ ಚಿಂತೆ, ಫೈಲಿಗೆ ಅದರ ಗೊಡವೆಯಿಲ್ಲ. ಯೂನಿಕೋಡಿನ ಇನ್ನೊಂದು ಗುಣ ನನಗೆ ಬಹಳ ಹಿಡಿಸುತ್ತದೆ. ಅದು ಒಮ್ಮೆ ಅಕ್ಷರಕ್ಕೆ ಕೊಟ್ಟ ಅಂಕಿಯನ್ನೂ ಹೆಸರನ್ನೂ ಎಂದಿಗೂ ಬದಲಿಸುವುದಿಲ್ಲ. ಹಳಗನ್ನಡದ ‘ೞ’ ನಿಮಗೆ ಗೊತ್ತಿರಬೇಕು, ಪಂಪನ ಕಾಲದಲ್ಲಿ ಬಳಕೆಯಲ್ಲಿದ್ದ ಅಕ್ಷರ. ಅದರ ಅಂಕಿ 3294. ಪಟ್ಟಿ ತಯಾರಿಸುವಾಗ ಯಾರೋ ಅದಕ್ಕೆ ತಪ್ಪಾಗಿ ‘ಫ’ ಎಂಬ ಹೆಸರು ಕೊಟ್ಟುಬಿಟ್ಟರು. ತಪ್ಪೆಂದು ಎಲ್ಲರಿಗೂ ತಿಳಿದ ಮೇಲೂ ಆ ಹೆಸರನ್ನು ಅಳಿಸಲಿಲ್ಲ, ಪಕ್ಕದಲ್ಲಿ ಸರಿಯಾದ ಇನ್ನೊಂದು ಹೆಸರನ್ನು ಸೇರಿಸಿದರು. ಕೊಟ್ಟ ಮಾತಿಗೆ ಇಷ್ಟು ಗಟ್ಟಿಯಾಗಿ ನಿಲ್ಲುವ ವ್ಯವಸ್ಥೆ ಕಂಪ್ಯೂಟರ್ ಲೋಕದಲ್ಲಿ ಅಪರೂಪ. ಅಜ್ಜನ ಹಾಡುಗಳನ್ನು ಒಮ್ಮೆ ಯೂನಿಕೋಡಿಗೆ ತಂದರೆ ಮತ್ತೊಮ್ಮೆ ಪರಿವರ್ತಿಸುವ ಪ್ರಮೇಯ ಬಾರದು ಎಂದು ನಾನು ನಂಬಿಕೆಯಿಂದ ಹೇಳುವುದು ಇದೇ ಕಾರಣಕ್ಕೆ.

ಇನ್ನು ಕೆಲಸ. ಫೈಲನ್ನು ಕಂಪ್ಯೂಟರಿನಲ್ಲಿ ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ಯಾವುದಾದರೂ ಸಾಲಿನ ಮೇಲೆ ಕರ್ಸರ್ ಇಡಿ. ಮೇಲೆ ಫಾಂಟಿನ ಹೆಸರು ಕಾಣುತ್ತದೆ. ‘ನುಡಿ 01 ಇ’ ಎಂದೋ ‘ಬಿಆರ್‌ಎಚ್ ಕನ್ನಡ’ ಎಂದೋ ಇದ್ದರೆ ಅರ್ಧ ಕೆಲಸ ಮುಗಿದಂತೆ. ಇವೆರಡರ ಜೋಡಣೆ ಒಂದೇ ಬಗೆಯದು, ಒಂದೇ ಪರಿವರ್ತಕ ಎರಡಕ್ಕೂ ಆಗುತ್ತದೆ. ಅಂತಹ ಪರಿವರ್ತಕಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ಕೆಲವುಗಳ ಮೂಲ ಸಂಕೇತವೂ ತೆರೆದಿದೆ. ಬಿಸಿಎ ಓದುವ ನೀವು ಅದನ್ನು ತೆರೆದು ನೋಡಲೇಬೇಕು. ಪರಿವರ್ತಿಸುವ ಮೊದಲು ಆ ಫಾಂಟನ್ನು ಹಾಕಿಕೊಂಡು, ಅಜ್ಜ ನೋಡಿದ ಪುಟ ಹೇಗಿತ್ತೋ ಹಾಗೆಯೇ ಒಂದು ಪ್ರತಿಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿ. ಮುಂದೆ ಅನುಮಾನ ಬಂದಾಗಲೆಲ್ಲ ಆ ಕಾಗದವೇ ಸಾಕ್ಷಿ.

ಎರಡು ಕಡೆ ಎಚ್ಚರ ಬೇಕು. ಫೈಲಿನಲ್ಲಿ ನಡುನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡದ ತುಂಡುಗಳೆಂದು ತಿಳಿದು ಕಲಸಿಬಿಡುತ್ತದೆ. ಮನೆ ಒಂದೇ ಅಲ್ಲವೇ, ಒಳಗಿರುವುದು ‘ಪಿ’ಯೋ ‘ಕ’ವೋ ಅದಕ್ಕೇನು ಗೊತ್ತು? ಫಾಂಟ್ ನೋಡಿ ಅಂಥ ಭಾಗಗಳನ್ನು ಮೊದಲೇ ಬೇರೆ ಇಡಿ. ಎರಡನೆಯದು ಅರ್ಕಾವತ್ತು. ಕನ್ನಡ ಕಂಪ್ಯೂಟರಿನ ಕೆಲಸದಲ್ಲಿ ನನ್ನ ನಿದ್ದೆ ಕೆಡಿಸಿದ ಚಿಹ್ನೆ ಯಾವುದು ಎಂದರೆ ಅದೇ. ‘ಕರ್ನಾಟಕ’ ಎನ್ನುವಾಗ ಬಾಯಿ ‘ರ್’ ಅನ್ನು ‘ನಾ’ಕ್ಕಿಂತ ಮೊದಲು ಹೇಳುತ್ತದೆ, ಯೂನಿಕೋಡಿನಲ್ಲೂ ಅದು ಮೊದಲೇ ಇರುತ್ತದೆ. ಕಣ್ಣಿಗೆ ಮಾತ್ರ ಅದು ‘ನಾ’ ಆದ ಮೇಲೆ ಕಾಣುತ್ತದೆ. ಹಳೆಯ ಫೈಲು ಕಣ್ಣಿನ ಕ್ರಮವನ್ನು ಉಳಿಸಿಕೊಂಡಿದೆ. ಒಳ್ಳೆಯ ಪರಿವರ್ತಕ ಅದನ್ನು ಹಿಂದಕ್ಕೆ ಎಳೆದು ಸರಿಯಾದ ಜಾಗದಲ್ಲಿ ಕೂರಿಸುತ್ತದೆ. ಕಳಪೆಯದು ಹಾಗೇ ಬಿಡುತ್ತದೆ, ಆಗ ‘ಕನಾರ್ಟಕ’ ಹುಟ್ಟುತ್ತದೆ. ‘ಧರ್ಮ’ ಹೋಗಿ ‘ಧಮರ್’, ‘ವರ್ಷ’ ಹೋಗಿ ‘ವಷರ್’. ಅಂತರಜಾಲದಲ್ಲಿ ನೀವು ಇಂಥವನ್ನು ಬೇಕಾದಷ್ಟು ನೋಡಿರುತ್ತೀರಿ. ಅವು ಬರೆದವರ ಅಜ್ಞಾನದಿಂದ ಹುಟ್ಟಿದ ತಪ್ಪುಗಳಲ್ಲ, ಪರಿವರ್ತನೆಯ ಗಾಯದ ಗುರುತುಗಳು.

ಇನ್ನೂ ಒಂದು ಕಳ್ಳ ತಪ್ಪಿದೆ, ಕಣ್ಣಿಗೆ ಬೀಳುವುದೇ ಇಲ್ಲ. ‘ಬಂದ’ ಮತ್ತು ‘ಬ೦ದ’ ಎರಡನ್ನೂ ನೋಡಿ. ಒಂದೇ ತರಹ ಕಾಣುತ್ತವೆ, ಅಲ್ಲವೇ? ಮೊದಲನೆಯದರಲ್ಲಿ ಇರುವುದು ಅನುಸ್ವಾರ, 3202. ಎರಡನೆಯದರಲ್ಲಿ ಇರುವುದು ಕನ್ನಡದ ಸೊನ್ನೆ, 3302. ಎಷ್ಟೋ ಜನ ಸೊನ್ನೆಯನ್ನೇ ಅನುಸ್ವಾರವೆಂದು ಒತ್ತುತ್ತಾ ಬಂದಿದ್ದಾರೆ. ಓದುವವರಿಗೆ ವ್ಯತ್ಯಾಸವಿಲ್ಲ. ಆದರೆ ‘ಬಂದ’ ಎಂದು ಹುಡುಕಿದರೆ ಸೊನ್ನೆಯ ‘ಬ೦ದ’ ಸಿಗುವುದಿಲ್ಲ. ಹಾಡಿನ ಎಳೆತಕ್ಕೆ ಬಳಸುವ ‘ಽ’ ಗುರುತಿನ ಮೇಲೂ ಕಣ್ಣಿಡಿ, ಅದರ ಜಾಗದಲ್ಲಿ ಬೇರೇನೋ ಕೂತಿರಬಹುದು. ಪರಿವರ್ತನೆ ಯಂತ್ರದ ಕೆಲಸ, ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಕರಡು ತಿದ್ದುವುದು ಮನುಷ್ಯರ ಕೆಲಸ, ಅದಕ್ಕೆ ತಿಂಗಳುಗಳೇ ಹಿಡಿಯಲಿ, ಅವಸರ ಮಾಡಬೇಡಿ.

ಈಗ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಅದರಲ್ಲಿದ್ದ ಅಳುಕು ನನ್ನ ಮನಸ್ಸಿಗೆ ತಟ್ಟಿತು.

ನಿಮ್ಮ ಮೊಬೈಲಿನಲ್ಲಿ ಬೆಳಿಗ್ಗೆ ಬಂದ ಸಂದೇಶಗಳನ್ನು ಒಮ್ಮೆ ತೆಗೆದು ನೋಡಿ. ಶುಭೋದಯದ ಚಿತ್ರ, ಅದರ ಮೇಲೆ ಚಂದದ ಫಾಂಟಿನಲ್ಲಿ ನಾಲ್ಕು ಸಾಲು. ಕವಿತೆಯೊಂದರ ಪೋಸ್ಟರ್. ಊರಿನ ಸಂಘದ ಸಭೆಯ ಆಹ್ವಾನ ಪತ್ರಿಕೆಯ ಫೋಟೋ. ಸಹಕಾರಿ ಸಂಘದ ಸೂಚನೆಯ ಫೋಟೋ. ರೀಲ್ಸಿನ ಮೇಲೆ ಹಾದುಹೋಗುವ ಕನ್ನಡದ ಸಾಲು. ಇವೆಲ್ಲ ಕನ್ನಡವೇ, ಆದರೆ ಇವುಗಳಲ್ಲಿ ಒಂದರಲ್ಲೂ ಕನ್ನಡ ಅಕ್ಷರವಿಲ್ಲ. ಇರುವುದು ಬಣ್ಣದ ಚುಕ್ಕೆಗಳು, ಕನ್ನಡದ ಆಕಾರದಲ್ಲಿ ನಿಂತ ಚುಕ್ಕೆಗಳು. ನಾವು 2003ರಲ್ಲಿ ಡಿಟಿಪಿ ಅಂಗಡಿಯಲ್ಲಿ ಮಾಡಿದ್ದನ್ನೇ ಈಗ ಪ್ರತಿಯೊಬ್ಬರೂ ಅಂಗೈಯಲ್ಲಿ ಮಾಡುತ್ತಿದ್ದೇವೆ. ಆಗ ಬೇರೆ ದಾರಿ ಇರಲಿಲ್ಲ, ಈಗ ಇದೆ. ನನಗೆ ಬೇಸರವಾಗುವುದು ಅದಕ್ಕೇ.

ಇದರಿಂದ ಇಂದಿಗೇ ನಷ್ಟ ಅನುಭವಿಸುತ್ತಿರುವವರು ಇದ್ದಾರೆ. ನನ್ನ ಸ್ನೇಹಿತರೊಬ್ಬರು ಪ್ರೌಢಶಾಲೆಯ ಕನ್ನಡ ಅಧ್ಯಾಪಕರು, ಹುಟ್ಟಿನಿಂದ ಕಣ್ಣು ಕಾಣದವರು. ಮೊಬೈಲಿನಲ್ಲಿ ಟಾಕ್‌ಬ್ಯಾಕ್, ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ತಂತ್ರಾಂಶ ಅವರಿಗೆ ಕನ್ನಡವನ್ನು ಓದಿ ಹೇಳುತ್ತದೆ. ಯೂನಿಕೋಡಿನಲ್ಲಿ ಬರೆದ ಲೇಖನವನ್ನು ಅವರು ನನಗಿಂತ ವೇಗವಾಗಿ ‘ಓದುತ್ತಾರೆ’. ನುಡಿಯ ಹಳೆಯ ಫೈಲು ಕಳಿಸಿದರೆ ಪೌಂಡ್, ಪಿ, ಎ ಎಂದು ಅರ್ಥವಿಲ್ಲದ ಸರಮಾಲೆ ಕೇಳಿಸುತ್ತದೆ. ಪೋಸ್ಟರ್ ಕಳಿಸಿದರೆ ‘ಚಿತ್ರ’ ಎಂದಷ್ಟೇ ಕೇಳಿಸಿ ಮೌನ. ಒಂದು ಸಲ ಅವರ ಶಾಲೆಯ ಶಿಕ್ಷಕರ ಗುಂಪಿನಲ್ಲಿ ಬಂದ ತರಬೇತಿಯ ಸೂಚನೆ ಫೋಟೋ ರೂಪದಲ್ಲಿತ್ತು. ಅದು ಏನೆಂದು ಕೇಳಲು ಅವರು ನನಗೆ ಫೋನು ಮಾಡಬೇಕಾಯಿತು. ಆ ನಾಲ್ಕು ಸಾಲನ್ನು ಅಕ್ಷರದಲ್ಲಿ ಟೈಪ್ ಮಾಡಲು ಕಳಿಸಿದವರಿಗೆ ಎರಡು ನಿಮಿಷ ಸಾಕಾಗಿತ್ತು.

ಇಂಗ್ಲಿಷ್ ಅಕ್ಷರದ ಕನ್ನಡದ ವಿಷಯದಲ್ಲಿ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಆ ಅಭ್ಯಾಸ ಶುರುವಾದದ್ದು ನಿಮ್ಮಿಂದಲ್ಲ. ಹಳೆಯ ಮೊಬೈಲುಗಳಲ್ಲಿ ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಯುತ್ತಿತ್ತು, ಕನ್ನಡದಲ್ಲಾದರೆ 70. ಒಂದೊಂದು ಸಂದೇಶಕ್ಕೂ ದುಡ್ಡು ಹೋಗುತ್ತಿದ್ದ ಕಾಲದಲ್ಲಿ ಯಾರು ಕನ್ನಡದಲ್ಲಿ ಕಳಿಸುತ್ತಿದ್ದರು? ಅದೂ ಅಲ್ಲದೆ ಎಷ್ಟೋ ಮೊಬೈಲುಗಳಿಗೆ ಕನ್ನಡ ತೋರಿಸಲೇ ಬರುತ್ತಿರಲಿಲ್ಲ, ಅಕ್ಷರದ ಬದಲು ಖಾಲಿ ಚೌಕಗಳು ಬರುತ್ತಿದ್ದವು. ಒಪೆರಾ ಮಿನಿ ಬ್ರೌಸರಿನಲ್ಲಿ ಒಳಗೆಲ್ಲೋ ಒಂದು ಸೆಟ್ಟಿಂಗ್ ಬದಲಿಸಿದರೆ ಕನ್ನಡದ ಪುಟವನ್ನು ಚಿತ್ರವಾಗಿ ಮಾಡಿ ತೋರಿಸುತ್ತಿತ್ತು. ಆ ಉಪಾಯವನ್ನು ಒಬ್ಬರಿಗೊಬ್ಬರು ಹೇಳಿಕೊಟ್ಟುಕೊಂಡು ಕನ್ನಡ ಬ್ಲಾಗುಗಳನ್ನು ಓದಿದವರು ನಾವು. 2012ರಲ್ಲಿ ಆಂಡ್ರಾಯ್ಡ್ 4.1 ಬಂದ ಮೇಲೆ ಈ ಕಷ್ಟ ತೀರಿತು. ಆದರೆ ಅಷ್ಟರಲ್ಲಿ ಬೆರಳಿಗೆ ಇಂಗ್ಲಿಷ್ ಅಕ್ಷರ ಅಂಟಿಯಾಗಿತ್ತು, ಅಣ್ಣಂದಿರಿಂದ ತಮ್ಮಂದಿರಿಗೆ ಅದು ದಾಟಿಯೂ ಆಗಿತ್ತು. ಈಗ ನಿಮ್ಮ ಕೈಯಲ್ಲಿರುವ ಯಂತ್ರದಲ್ಲಿ ಕನ್ನಡ ಕೀಲಿಮಣೆ ಇದೆ, ಬಾಯಲ್ಲಿ ಹೇಳಿದರೆ ಬರೆದುಕೊಳ್ಳುವ ಸೌಕರ್ಯವೂ ಇದೆ. ಹದಿನೈದು ದಿನ ಪಟ್ಟು ಹಿಡಿದು ಬಳಸಿದರೆ ಬೆರಳು ಒಗ್ಗಿಕೊಳ್ಳುತ್ತದೆ.

ಉಳಿಯುವ ಮಾತಿನಲ್ಲಿ ಇನ್ನೊಂದು ಮುಖವಿದೆ: ಬರೆದದ್ದು ಯಾರ ಮನೆಯಲ್ಲಿದೆ ಎನ್ನುವುದು. ಆರ್ಕುಟ್ ಎಂಬ ಸಾಮಾಜಿಕ ಜಾಲತಾಣದ ಹೆಸರನ್ನು ನೀವು ಕೇಳಿರಲಿಕ್ಕಿಲ್ಲ. ಅಲ್ಲಿ ಕನ್ನಡದ ಗುಂಪುಗಳಿದ್ದವು, ಪದಗಳ ಮೂಲದ ಬಗ್ಗೆ, ಸಿನಿಮಾದ ಬಗ್ಗೆ, ಊರೂರಿನ ಊಟದ ಬಗ್ಗೆ ರಾತ್ರಿಯಿಡೀ ಚರ್ಚೆ ನಡೆಯುತ್ತಿತ್ತು. 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಮುಚ್ಚಿತು. ಗೂಗಲ್ ಪ್ಲಸ್ 2019ರಲ್ಲಿ, ಯಾಹೂ ಗುಂಪುಗಳು 2020ರ ಕೊನೆಯಲ್ಲಿ ಮುಚ್ಚಿದವು. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ, ತಮ್ಮೂರಿನ ಕನ್ನಡದಲ್ಲಿ ಹಳ್ಳಿ ಹಳ್ಳಿಯಿಂದ ವಿಡಿಯೊ ಮಾಡುತ್ತಿದ್ದವರ ಕಟ್ಟೆ ಒಂದೇ ರಾತ್ರಿಗೆ ಇಲ್ಲವಾಯಿತು. ಅಲ್ಲಿ ಕಲಬುರಗಿಯ ಕನ್ನಡ, ಕುಂದಾಪುರದ ಕನ್ನಡ, ಚಾಮರಾಜನಗರದ ಕನ್ನಡ ಬಾಯಿಂದ ಬಾಯಿಗೆ ಬಂದ ಹಾಗೆಯೇ ದಾಖಲಾಗುತ್ತಿತ್ತು. ನಿಷೇಧದ ಸರಿ ತಪ್ಪಿನ ವಿಚಾರ ಬೇರೆ, ಅದನ್ನಿಲ್ಲಿ ಎತ್ತುವುದಿಲ್ಲ. ತಮ್ಮ ವಿಡಿಯೊಗಳ ನಕಲನ್ನು ಮನೆಯಲ್ಲಿ ಇಟ್ಟುಕೊಂಡವರ ಕೈಯಲ್ಲಿ ಮಾತ್ರ ಅವು ಉಳಿದವು. ಆದ್ದರಿಂದ ರೀಲ್ಸ್ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ನಿಮ್ಮ ವಯಸ್ಸಿನವರ ಮಾತುಕತೆ ನಡೆಯುವುದು ಅಲ್ಲಿಯೇ. ಆದರೆ ಮನಸಾರೆ ಬರೆದದ್ದು, ಮನಸಾರೆ ಹೇಳಿದ್ದು ಯಾವುದಿದೆಯೋ ಅದರ ಅಕ್ಷರರೂಪವೊಂದು ನಿಮ್ಮ ಸ್ವಂತ ಕಡತದಲ್ಲಿರಲಿ. ಅಲಂಕಾರವಿಲ್ಲದ ಬರಿಯ ಪಠ್ಯ ಫೈಲು ಸಾಕು. ಯೂನಿಕೋಡನ್ನು ಫೈಲಿನಲ್ಲಿ ಸಾಮಾನ್ಯವಾಗಿ ಉಳಿಸುವ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕು. ಮುನ್ನೂರು ಪುಟದ ಪುಸ್ತಕವೊಂದು ಆ ಲೆಕ್ಕದಲ್ಲಿ ಎರಡು ಎಂಬಿಯನ್ನೂ ದಾಟುವುದಿಲ್ಲ. ನಿಮ್ಮ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಅದಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ.

ಕಂಪ್ಯೂಟರ್ ಓದುವವಳಿಗೆ ಇದರಲ್ಲಿ ಏನು ಕೆಲಸ ಎಂದಿರಿ. ಇಲ್ಲಿ ಕೆಲಸವೇ ಕೆಲಸ! ಕನ್ನಡಕ್ಕೆ ಭರವಸೆಯಿಡಬಹುದಾದ ಕಾಗುಣಿತ ಪರೀಕ್ಷಕ ಇನ್ನೂ ಇಲ್ಲ. ಇಂಗ್ಲಿಷಿಗೆ ಪದಪಟ್ಟಿ ಇಟ್ಟರೆ ಬಹುಪಾಲು ಸಾಕಾಗುತ್ತದೆ. ನಮ್ಮಲ್ಲಿ ‘ಮನೆಯಲ್ಲಿದ್ದವರನ್ನೂ’ ಎಂಬುದು ಒಂದೇ ಪದ, ‘ಮನೆ’ ಎಂಬ ಒಂದು ಬೇರಿನಿಂದ ಹೀಗೆ ಹುಟ್ಟುವ ರೂಪಗಳಿಗೆ ಲೆಕ್ಕವಿಲ್ಲ. ಪಟ್ಟಿ ಮಾಡಿ ಮುಗಿಸಲಾಗದು, ವ್ಯಾಕರಣವನ್ನು ಯಂತ್ರಕ್ಕೆ ಕಲಿಸಬೇಕು. ಹಳೆಯ ಪುಸ್ತಕದ ಪುಟಗಳನ್ನು ಅಕ್ಷರವಾಗಿ ಓದುವ ಟೆಸೆರಾಕ್ಟ್ ಎಂಬ ಮುಕ್ತ ತಂತ್ರಾಂಶಕ್ಕೆ ಕನ್ನಡ ಬರುತ್ತದೆ, ಆದರೆ ಮೊಳೆ ಜೋಡಿಸಿ ಅಚ್ಚು ಹಾಕಿದ ಹಳೆಯ ಪುಟಗಳ ಮುಂದೆ ಒತ್ತಕ್ಷರದಲ್ಲಿ ಎಡವುತ್ತದೆ. ಇಂದು ಎಲ್ಲರೂ ಮಾತಾಡುತ್ತಿರುವ ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಗಳು ಕನ್ನಡ ಕಲಿಯುವುದೂ ಅಕ್ಷರರೂಪದಲ್ಲಿ ಸಿಕ್ಕ ಬರಹದಿಂದ. ನುಡಿಯ ಹಳೆಯ ಫೈಲುಗಳಲ್ಲಿ ಹೂತಿರುವ ಕನ್ನಡ ಅವಕ್ಕೆ ಕಸವಾಗಿ ಕಾಣುತ್ತದೆ. ಸಾಗರ ಸೀಮೆಯ ಹಸೆಹಾಡಿನ ಪದವೊಂದು ಅವಕ್ಕೆ ತಿಳಿಯಬೇಕಾದರೆ ಯಾರಾದರೂ ಅದನ್ನು ಅಕ್ಷರದಲ್ಲಿ ಇಟ್ಟಿರಬೇಕು.

ಒಬ್ಬಿಬ್ಬರ ಶ್ರಮದಿಂದ ಏನಾಗುತ್ತದೆ ಎಂದು ಅನಿಸಿದರೆ ‘ಅಲರ್’ ನಿಘಂಟನ್ನು ನೋಡಿ. ವಿ. ಕೃಷ್ಣ ಅವರು ಹತ್ತಾರು ವರ್ಷ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ಅದು. ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳಿವೆ. 2019ರಲ್ಲಿ ಅದು ಮುಕ್ತ ಪರವಾನಗಿಯಡಿ ಅಂತರಜಾಲಕ್ಕೆ ಬಂತು, ಇಡೀ ದತ್ತಾಂಶವನ್ನು ಯಾರು ಬೇಕಾದರೂ ಇಳಿಸಿಕೊಂಡು ಅದರ ಮೇಲೆ ಹೊಸದನ್ನು ಕಟ್ಟಬಹುದು. ವಚನಗಳನ್ನು ಒಂದೆಡೆ ಕೂಡಿಸಿಟ್ಟ ‘ವಚನ ಸಂಚಯ’ ಜಾಲತಾಣವೂ ಹಾಗೆಯೇ. ಯಾವುದೋ ಒಂದು ಪದ ಯಾವ ಯಾವ ವಚನಕಾರರಲ್ಲಿ ಎಲ್ಲೆಲ್ಲಿ ಬಂದಿದೆ ಎಂದು ಕ್ಷಣದಲ್ಲಿ ಹುಡುಕಬಹುದು. ಮೊದಲು ಸಂಶೋಧಕರಿಗೆ ಇದಕ್ಕೆ ತಿಂಗಳುಗಳೇ ಬೇಕಾಗುತ್ತಿದ್ದವು. ಈ ಎರಡರ ಹಿಂದೆಯೂ ಇರುವುದು ಒಂದೇ ಗುಟ್ಟು: ಅಕ್ಷರ ಅಕ್ಷರವಾಗಿಯೇ ಇದೆ. 2003ರ ಜೂನಿನಲ್ಲಿ, ಅಜ್ಜ ಹಾಡುಗಳನ್ನು ಟೈಪ್ ಮಾಡಿಸಿದ ಅದೇ ವರ್ಷ, ಕನ್ನಡ ವಿಕಿಪೀಡಿಯವೂ ಶುರುವಾಯಿತು. ಅದರಲ್ಲಿ ಅಂದು ಬರೆದ ಪುಟ ಇಂದಿಗೂ ನಿಮ್ಮ ಮೊಬೈಲಿನಲ್ಲಿ ಯಾವ ಪರಿವರ್ತಕವೂ ಇಲ್ಲದೆ ತೆರೆಯುತ್ತದೆ.

ಅಜ್ಜನ ಸಂಗ್ರಹವನ್ನು ಹೊರಗೆ ತರುವ ವಿಚಾರಕ್ಕೆ ಒಂದು ಮಾತು. ನಮ್ಮ ಕಾನೂನಿನಲ್ಲಿ, ಬರೆದವರು ಬದುಕಿದ್ದಾಗ ಪ್ರಕಟವಾದ ಬರಹಕ್ಕೆ ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ; ಅವರು ತೀರಿಕೊಂಡ ಮೇಲೆ ಮೊದಲ ಸಲ ಪ್ರಕಟವಾದರೆ, ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಅಜ್ಜನ ಟಿಪ್ಪಣಿ, ಮುನ್ನುಡಿ, ಜೋಡಣೆಯ ಹಕ್ಕು ಈಗ ನಿಮ್ಮ ಮನೆಯವರದು. ಅಪ್ಪ, ಅತ್ತೆ, ಚಿಕ್ಕಪ್ಪಂದಿರೆಲ್ಲ ಒಪ್ಪಿದರೆ ಇತರರೂ ಹಂಚಿಕೊಳ್ಳಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಹಾಕಿ, ಇಂಟರ್ನೆಟ್ ಆರ್ಕೈವ್ ಎಂಬ ಅಂತರಜಾಲದ ಉಚಿತ ಸಂಗ್ರಹಾಲಯದಲ್ಲಿ ಇಡಬಹುದು. ಹಾಡಿದವರ ಹೆಸರನ್ನು ಅಜ್ಜ ಬರೆದಿಟ್ಟಿದ್ದರೆ ಅದನ್ನು ಬಿಡಬೇಡಿ, ಬದುಕಿರುವವರನ್ನು ಕೇಳಿಯೇ ಹಾಕಿ. ಹಾಡು ಅಜ್ಜನ ಕೈಬರಹಕ್ಕೆ ಬರುವ ಮೊದಲು ಆ ಹೆಂಗಸರ ಬಾಯಲ್ಲಿತ್ತು.

ಅಜ್ಜಿ ಈಗ ಹೇಗಿದ್ದಾರೆ ಎಂದು ನೀವು ಬರೆದಿಲ್ಲ. ಅವರಿದ್ದರೆ, ಪರಿವರ್ತನೆ ಮುಗಿಯುವವರೆಗೆ ಕಾಯಬೇಡಿ. ಮೊದಲ ನಾಲ್ಕು ಹಾಡು ಸಿದ್ಧವಾದ ಕೂಡಲೇ ಅವರ ಪಕ್ಕ ಕೂತು ಗಟ್ಟಿಯಾಗಿ ಓದಿ. ಡಿಟಿಪಿ ಅಂಗಡಿಯವರಿಗೆ ಮದುವೆಯ ಹಾಡಿನ ಪದ ತಿಳಿದಿರುವುದಿಲ್ಲ, ಅಜ್ಜನ ಅಕ್ಷರ ಅರ್ಥವಾಗದೆ ತೋಚಿದ್ದನ್ನು ಕುಟ್ಟಿರಬಹುದು. ನಾನೂ ಆ ಕುರ್ಚಿಯಲ್ಲಿ ಕೂತು ಹಾಗೆ ಮಾಡಿದ್ದೇನೆ. ಅಂಥ ಪದ ಬಂದಲ್ಲಿ ಅಜ್ಜಿ ತಡೆದು ತಿದ್ದುತ್ತಾರೆ. ತಿದ್ದುವಾಗ ಸಾಲನ್ನು ಹಾಡಿಯೇ ತೋರಿಸುತ್ತಾರೆ, ಆಗ ನಿಮ್ಮ ಮೊಬೈಲಿನ ರೆಕಾರ್ಡರ್ ಚಾಲೂ ಇರಲಿ. ಪ್ರತಿ ಧ್ವನಿಮುದ್ರಣದ ಹೆಸರಿನಲ್ಲಿ ಹಾಡಿನ ಮೊದಲ ಸಾಲನ್ನೂ ದಿನಾಂಕವನ್ನೂ ಕನ್ನಡದಲ್ಲೇ ಹಾಕಿ, ಹಾಡಿನ ಪಠ್ಯ ಫೈಲಿಗೂ ಅದೇ ಹೆಸರು ಕೊಡಿ.

ಸಿಡಿಯ ನಕಲು ಮಾಡಿಕೊಂಡ ಮೇಲೆ ಫಾಂಟಿನ ಹೆಸರು ಏನಿದೆ ಎಂದು ತಿಳಿಸಿ. ನುಡಿಯೂ ಬರಹವೂ ಅಲ್ಲದೆ ಬೇರಾವುದೋ ಇದ್ದರೂ ಗಾಬರಿಯಾಗಬೇಡಿ. ಒಂದು ಪುಟದ ಅಚ್ಚು ಪ್ರತಿಯನ್ನೂ ಆ ಪುಟದ ಫೈಲನ್ನೂ ಒಟ್ಟಿಗೆ ಕಳಿಸಿದರೆ, ಯಾವ ಅಂಕಿಗೆ ಯಾವ ತುಂಡು ಎಂಬ ಕೋಷ್ಟಕವನ್ನು ನಾವಿಬ್ಬರೂ ಸೇರಿ ಕೈಯಲ್ಲೇ ಬರೆಯೋಣ.